ತೂತಿನ ಒಳಅಂಚು

ನವೆಂಬರ್ ೧೪, ಮಂಗಳವಾರ. ಎಸ್ಕಿಲ್‌ಸ್ಟೂನಾ, ಸ್ವೀಡನ್.

ಆ ಎರಡು ತೂತುಗಳು ಕಣ್ಣಿಂದ ಹೋಗುತ್ತಿಲ್ಲ. ಸಂಜೆ ಮಾವ ಫೋಲ್ಕೆ ನನ್ನ ಮಗು ಸಿಗ್ನೆಯ ಮಂಚದ ಉಕ್ಕಿನ ಕೊಳವೆಗೆ ಆರು ತೂತು ಕೊರೆದರು. ನಾಲ್ಕರೊಳಗೆ ಟ್ಯಾಪ್ ಎಂಬ ಉಪಕರಣ ತಿರುಗಿಸಿ, ಸ್ಕ್ರೂ ಹಿಡಿಯುವ ಸುರುಳಿಗೆರೆ ಕೊರೆದು ಸ್ಕ್ರೂ ಹಾಕಿದರು. ಎರಡನ್ನು ಸಿಗ್ನೆ ಬೆಳೆದಮೇಲೆ ಬೇಕಾಗುತ್ತವೆಂದು ಖಾಲಿ ಬಿಟ್ಟರು. ಹೊರಅಂಚು ಉಜ್ಜಿ, ಹೆಬ್ಬೆರಳಾಡಿಸಿ ನೋಡಿದರು.

"ಒಳಗಡೆ ಚೂಪು ಉಳಿದಿರಲ್ವಾ ಮಾವ?"

"ನಲವತ್ತು ವರ್ಷ ಕಾರ್ಖಾನೇಲಿ ಕೊರೆದೋನು ಕಣಮ್ಮ ನಾನು. ನಿಮ್ಮ ಕಾಲೇಜಲ್ಲಿ ಇದನ್ನೂ ಕಲಿಸಿದ್ರಾ?"

ಅವರ ಹೆಬ್ಬೆರಳ ಚರ್ಮ ಚಕ್ಕಳದಷ್ಟು ದಪ್ಪ. ಆ ತೂತಿಗೆ ಹಿಡಿಸುವುದು ಸಿಗ್ನೆಯ ಕಿರುಬೆರಳು.

ಅವರು ಹೋದಮೇಲೆ ಕಡ್ಡಿಗೆ ಹತ್ತಿ ಸುತ್ತಿ ಒಳಅಂಚಿನಲ್ಲಿ ಆಡಿಸಿದೆ. ಹೊರಗೆಳೆದರೆ ಬರಿಯ ಕಡ್ಡಿ ಬಂತು; ಹತ್ತಿ ಒಳಗೇ ಸಿಕ್ಕಿಕೊಂಡಿತು.

ಮಗುವನ್ನು ನನ್ನ ಪಕ್ಕದಲ್ಲೇ ಮಲಗಿಸಿಕೊಂಡಿದ್ದೇನೆ. ಬೆರಳು ಎಷ್ಟು ಸಲ ಎಣಿಸಿದೆನೋ, ಹತ್ತೂ ಇವೆ. ಆದರೂ ಆ ಪುಟ್ಟ ಕೈಯನ್ನು ಬಿಡಲು ಮನಸ್ಸು ಬರುತ್ತಿಲ್ಲ.