ಸೀಡರ್ ಬುಡದ ಓಕ್ ಸಸಿಗಳು

ಅಕ್ಟೋಬರ್ 5, 2002. ಶನಿವಾರ

ಮತ್ತೆ ಮೊಣಕಾಲೂರಿ ಸಸಿಗಳ ಎತ್ತರ ಅಳೆದದ್ದಾಯಿತು. ತಲೆತುಂಬ ಸೀಡರ್ ಎಲೆಪುಡಿ. ಬಯಲಿನ ಓಕ್ ಸಸಿಗಳನ್ನು ಜಿಂಕೆಗಳು ಬುಡದವರೆಗೂ ಮೇಯ್ದಿವೆ. ಸೀಡರ್ ಪೊದೆಗಳ ಅಡಿಯವು ಮಾತ್ರ ಹೇಗೋ ಬದುಕಿವೆ. ನೆರಳು ಹೆಚ್ಚಾದರೆ ಬೆಳೆಯವು, ತೆರೆದರೆ ಉಳಿಯವು. ಎಷ್ಟು ನೆರಳು ಸಾಕು? — ಇಷ್ಟೇ ನನ್ನ ಥೀಸಿಸ್.

ಜಮೀನು ದಾನಪ್ಪ ಅಂಕಲ್ ಅವರದು. ಹುಬ್ಬಳ್ಳಿಯವರು, ಆಸ್ಟಿನ್ ಪಕ್ಕದ ರೌಂಡ್ ರಾಕ್‌ನಲ್ಲಿ ಬಿಸಿನೆಸ್. ಇಲ್ಲಿ ಮನೆ ಕಟ್ಟಿಸುವ ಆಸೆ. ಅವರ ಹೆಂಡತಿ ಮಲ್ಲವ್ವ ಆಂಟಿ ಇವತ್ತೂ ಕಾರಿನಿಂದಲೇ ಕೂಗಿದರು. “ನಿಶಿತಾ, ಆ ಕಂಟಿಯೊಳಗ ಹಾವು ಅದಾವ! ಹೊರಗ ಬಾರವ್ವಾ!”

ಕೈ ಬೀಸಿ ಮತ್ತೆ ಪೊದೆಯೊಳಗೆ ನುಗ್ಗಿದೆ.

ಅಕ್ಟೋಬರ್ 26

ಹೂಸ್ಟನ್ ಕಾನ್ಫರೆನ್ಸ್ ಮುಗಿಸಿ, ಪೇರ್ಲ್ಯಾಂಡ್‌ನಲ್ಲಿ ಅಕ್ಕನ ಮನೆಯಲ್ಲಿದ್ದು ಇವತ್ತು ಬಂದೆ. ನೇರ ನನ್ನ ಸಸಿಗಳ ಪ್ಲಾಟಿಗೆ.

ಪ್ಲಾಟ್ ಇಲ್ಲ.

ಸೀಡರ್ ಒಂದೂ ಇಲ್ಲ. ದೊಡ್ಡ ಓಕ್ ಮರಗಳು ಬೋಳು ಮೈದಾನದಲ್ಲಿ ಬೆಪ್ಪಾಗಿ ನಿಂತಿವೆ. ಕಡಿದ ಕೊಂಬೆಗಳೆಲ್ಲ ಒಂದು ಅಂಚಿನಲ್ಲಿ ರಾಶಿ. ಅಂಕಲ್ ನಗುತ್ತಾ ಬಂದರು.

“ಹೆಂಗದ? ನಿನ್ನ ಸಸಿಗೆ ಬಿಸಿಲು ಬೀಳ್ಲಿ ಅಂತ ತಗಸೀನಿ. ಓಕ್ ಒಂದೂ ಮುಟ್ಟಿಲ್ಲ ನೋಡು.”

“ಅಂಕಲ್, ಆ ನೆರಳೇ ನನ್ನ ರಿಸರ್ಚ್! ಒಂದು ಫೋನ್ ಮಾಡಕ್ಕಾಗ್ಲಿಲ್ವಾ? ನಿಮಗೆ ಕಾಡು ಬೇಡ, ಪಾರ್ಕಿಂಗ್ ಲಾಟ್ ಬೇಕು!”

ಅವರ ಮುಖ ಬಾಡಿತು. “ನಿನ್ನ ಸಲುವಾಗೇ ಮಾಡ್ಸಿದ್ದವ್ವಾ…”

ಕಾರು ಹತ್ತಿ ಬಂದುಬಿಟ್ಟೆ. ಪ್ರೊಫೆಸರ್‌ಗೆ ಹೇಳಿದರೆ — ಒಳ್ಳೆಯದೇ ಆಯಿತು, ತೆರೆದ ಜಾಗದ ಡೇಟಾ ಸಿಗುತ್ತದೆ ಅಂತೆ. ಎಲ್ಲರಿಗೂ ಉತ್ಸಾಹ. ಡಿಗ್ರಿ ತಡವಾಗುವುದು ಮಾತ್ರ ನನಗೆ.

ನವೆಂಬರ್ 23

ಇಷ್ಟು ದಿನ ಆ ಕಡೆ ತಲೆ ಹಾಕಲಿಲ್ಲ. ಅಂಕಲ್ ಮಾಡಿದ ಫೋನೂ ಎತ್ತಲಿಲ್ಲ. ಉಳಿದದ್ದನ್ನಾದರೂ ನೋಡೋಣ ಎಂದು ಇವತ್ತು ಹೋದೆ. ಏನೂ ಉಳಿದಿಲ್ಲ. ಜಿಂಕೆಗಳಿಗೆ ಹಬ್ಬ.

ಸಿಟ್ಟಿಗೆ ರಾಶಿಯಿಂದ ಒಂದು ಕೊಂಬೆ ಎಳೆದೆ. ಅಡಿಯಲ್ಲಿ — ಹಸಿರು. ನಾನೇ ಟ್ಯಾಗ್ ಕಟ್ಟಿದ ಓಕ್ ಸಸಿಗಳು! ಒಂದು ಎಲೆಯೂ ಹರಿದಿಲ್ಲ. ಸತ್ತ ಸೀಡರೇ ಬೇಲಿಯಾಗಿದೆ. ಕೊಂಬೆಗಳ ಸಂದಿಯಿಂದ ಬೇಕಾದಷ್ಟೇ ಬೆಳಕು.

ಅಷ್ಟರಲ್ಲಿ ಅಂಕಲ್ ಟ್ರಕ್. ಜೊತೆಗೆ ರಾಶಿಗೆ ಬೆಂಕಿ ಹಾಕಲು ಬಂದ ಇಬ್ಬರು.

“ಅಂಕಲ್, ಸುಡಬೇಡಿ!”

“ಅವತ್ತು ಕಡಿದಿದ್ದು ತಪ್ಪು, ಇವತ್ತು ಸುಡೋದು ತಪ್ಪು. ನಿನ್ನ ಕೂಡ ಸಾಕಾತವ್ವಾ!”

ಕೈ ಹಿಡಿದು ಎಳೆದುಕೊಂಡು ಹೋದೆ. ಸೊಂಟ ಹಿಡಿದುಕೊಂಡೇ ಬಗ್ಗಿ ನೋಡಿದರು.

“ಇದು ನಮ್ಮ ಮನಿಗೆ ನೆರಳಾಗೋದು ಯಾವಾಗ?”

“ಅಷ್ಟೊತ್ತಿಗೆ ನಾವ್ಯಾರೂ ಇರಲ್ಲ, ಅಂಕಲ್.”

ಎಳೆದಿದ್ದ ಕೊಂಬೆಯನ್ನು ಮತ್ತೆ ಸಸಿಗಳ ಮೇಲೆ ಸರಿಸಿದರು. ಆಮೇಲೆ ಆ ಇಬ್ಬರನ್ನು ವಾಪಸ್ ಕಳಿಸಿದರು. ಸಾರಿ ಅಂದೆ. “ಪಾರ್ಕಿಂಗ್ ಲಾಟ್ ಅಂದ್ಯಲ್ಲ, ಅದು ಭಾಳ ನಟ್ಟಿತ್ತು” ಎಂದರು, ನನ್ನ ಮುಖ ನೋಡದೆ.

ಡಿಸೆಂಬರ್ 9, ಬೆಳಿಗ್ಗೆ 7

ಅಂಕಲ್ ಫೋನ್. “ಗುಡ್ಡದ ಕಡೆ ಸೀಡರ್ ಕಡಿಯಾವ್ರು ಬಂದಾರ. ಯಾವ್ದು ಬಿಡಬೇಕು, ಬಂದು ತೋರಸು.”

“ಅಂಕಲ್, ಒಂಬತ್ತಕ್ಕೆ ಆಸ್ಟಿನ್‌ನಲ್ಲಿ ಕ್ಲಾಸ್ ಇದೆ!”

“ಹಂಗಾರ ನಾನೇ ಆರಿಸ್ತೀನಿ.”

ಅಯ್ಯೋ, ಬೇಡ. ಬೂಟು ಎಲ್ಲಿ—