ಜೀನ್ಸ್ ವಾಪಸ್ ಕೊಡಬೇಡ

ಮಿತ್ರಾ,

ನನಗೆ ಅಂತ ನೀನು ತಂದ ಜೀನ್ಸ್ ವಾಪಸ್ ಕೊಡೋಕೆ ಹೋಗಬೇಡ, ಬಿಲ್ ಹರಿದು ಹಾಕಿದೀನಿ. ಇಷ್ಟು ದುಬಾರಿದು ಯಾಕೆ, ವಿಜಯನಗರದ ಫುಟ್‌ಪಾತಲ್ಲಿ ಸಿಗೋದೇ ಸಾಕಿತ್ತು ಅಂತ ನಿನ್ನೆ ಬೈದೆ. ಬೆಳಿಗ್ಗೆ ಉಲ್ಟಾ ಮಾಡಿ ನೋಡಿದೆ ಕಣೇ. ಪ್ರತಿ ಅಂಚಿಗೂ ಎರಡೆರಡು ಹೊಲಿಗೆ, ಒಂದು ದಾರ ಸಡಿಲ ಇಲ್ಲ. ಕಂಪನಿ ಹೆಸರಿಗೆ ಕೊಟ್ಟ ದುಡ್ಡು ದಂಡ, ಹೊಲಿಗೆಗೆ ಕೊಟ್ಟಿದ್ದು ದಂಡ ಅಲ್ಲ. ಅಮ್ಮಂಗೂ ಒಂದು ಇರಲಿ ಅಂತ ನಿನಗೆ ಅನ್ನಿಸ್ತಲ್ಲ, ಅದನ್ನ ನಾನು ಮರೆಯಲ್ಲ.

ಉಪ್ಪಿಟ್ಟು ಮುಚ್ಚಿಟ್ಟಿದೀನಿ, ತಿಂದು ಹೋಗು. ನನ್ನ ಕೀ ಮೊಳೆಯಲ್ಲಿ ಇಲ್ಲ, ನಿನ್ನ ಹತ್ರ ಇರೋದ್ರಲ್ಲೇ ಬೀಗ ಹಾಕು.

ಇಪ್ಪತ್ತು ವರ್ಷ ಗಾರ್ಮೆಂಟ್ಸಲ್ಲಿ ಕೂತು ಯಾರ್ಯಾರದೋ ಜೀನ್ಸಿಗೆ ಜೇಬು ಹೊಲಿದೆ. ಇವತ್ತು ಅಲ್ಲಿಗೆ ಇದನ್ನೇ ಹಾಕ್ಕೊಂಡು ಹೋಗ್ತಾ ಇದೀನಿ. ಕೀ ನನ್ನ ಜೇಬಲ್ಲಿದೆ.

ಅಮ್ಮ