ನೀನು ಹಚ್ಚಿದ ಬೀದಿ ದೀಪ

ಪ್ರೀತಿಯ ಅಮ್ಮ,

ಮೊನ್ನೆ ತುಂಬಿದ ಸಭೆಯಲ್ಲಿ ನಿನ್ನ ಮಾತು ಸುಳ್ಳೆಂದು ಹೇಳಿಬಂದೆ. ಬೈಯಬೇಡ, ಮೊದಲು ಪೂರ್ತಿ ಓದು. ಓದಲು ಬರುವುದಿಲ್ಲ ಎಂಬ ನೆಪ ಇನ್ನು ನಡೆಯುವುದಿಲ್ಲ. ನೀನಿರುವ ಕಡೆ ಎಲ್ಲರಿಗೂ ಓದು ಬರುತ್ತದೆಂದು ನನ್ನ ನಂಬಿಕೆ.

ಬಿಕರ್ನಕಟ್ಟೆಯ ರಸ್ತೆ ಬದಿಯಲ್ಲಿ ಮೀನಿನ ಬುಟ್ಟಿ ಇಟ್ಟು ಕೂತಾಗ ನೀನು ಹೇಳುತ್ತಿದ್ದ ಕಥೆ ನೆನಪಿದೆಯಾ? ಯಾರಾದರೂ ಬಂಗುಡೆಗೆ ಚೌಕಾಸಿ ಶುರು ಮಾಡಿದರೆ ಸಾಕು, ಕತ್ತಿ ಬದಿಗಿಡುತ್ತಿದ್ದೆ. "ನನ್ನ ಮಗಳು ಕಾಲೇಜಲ್ಲಿ ಪಾಠ ಮಾಡುದು ಗೊತ್ತುಂಟಾ ಮೇಡಂ? ಮನೆಯಲ್ಲಿ ಕರೆಂಟಿಲ್ಲ, ಎಂತ ಮಾಡುದು? ಬೀದಿ ಲೈಟಿನ ಅಡಿಯಲ್ಲಿ ಕೂತು ಓದಿದ್ದು!" ಅವರು ಕಣ್ಣೊರೆಸಿಕೊಂಡು ನೀನು ಹೇಳಿದಷ್ಟೇ ಕೊಟ್ಟು ಹೋಗುತ್ತಿದ್ದರು. ಪಕ್ಕದಲ್ಲಿ ಮೀನು ಮಾರುತ್ತಿದ್ದ ಗಿರಿಜಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದರು. ನಮ್ಮ ಬೀದಿಯಲ್ಲಿ ಕಂಬ ಎಲ್ಲಿತ್ತು ಅಮ್ಮ? ಹೈಸ್ಕೂಲಿನಿಂದ ಡಿಗ್ರಿಯವರೆಗೆ ನಾನು ಓದಿದ್ದು ಮೀನುಗಾರರ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ. ಅಲ್ಲಿ ಟ್ಯೂಬ್‌ಲೈಟ್ ಇತ್ತು, ಎರಡು ಹೊತ್ತು ಬಿಸಿ ಗಂಜಿ ಇತ್ತು. ಕೇಳಿದರೆ ನೀನು, "ಹಾಸ್ಟೆಲ್ ಅಂದ್ರೆ ಯಾರು ಮೀನು ತಗೊಳ್ತಾರೆ?" ಅನ್ನುತ್ತಿದ್ದೆ.

ನೀನು ಹೋದ ಮೇಲೂ ಆ ಕಥೆ ಊರೆಲ್ಲ ಸುತ್ತಿತು. ನನಗೆ ಶಾಲು ಹೊದಿಸುವವರೆಲ್ಲ ಅದನ್ನೇ ಹೇಳುತ್ತಿದ್ದರು. ಕೇಳುವಾಗ ನೀನೇ ಎದುರು ಕೂತ ಹಾಗೆ ಅನಿಸಿ ಎಷ್ಟು ಸುಖವಾಗುತ್ತಿತ್ತು ಗೊತ್ತಾ...

ನಮ್ಮ ಹಾಸ್ಟೆಲಿನ ಕಮಿಟಿಯವರು ಮೊನ್ನೆಯ ಸಭೆಗೂ ಹಾಗೆಯೇ ಅತಿಥಿಯೆಂದು ಕರೆದರು. ಹಾಸ್ಟೆಲ್ ಮುಚ್ಚಿ ಮದುವೆ ಹಾಲ್ ಮಾಡುವ ಮಾತು ನಡೆದಿತ್ತು. ನಾನು ಅಲ್ಲೇ ಇದ್ದವಳೆಂದು ಈಗಿನ ಕಮಿಟಿಯವರಿಗೆ ಗೊತ್ತೇ ಇಲ್ಲ. ಹಿರಿಯರೊಬ್ಬರು ಅಭಿಮಾನದಿಂದಲೇ ನನ್ನ ಕಡೆ ಕೈ ತೋರಿಸಿದರು. "ಹಾಸ್ಟೆಲ್ ಎಂತಕೆ ಮಾರಾಯ್ರೆ? ಇವರನ್ನು ನೋಡಿ, ಬೀದಿ ಲೈಟಿನಲ್ಲಿ ಓದಿ ಮೇಲೆ ಬಂದವರು. ಮನಸ್ಸಿದ್ರೆ ಎಲ್ಲ ಆಗ್ತದೆ." ಜನ ಚಪ್ಪಾಳೆ ತಟ್ಟಿದರು.

ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತೆ. "ಆ ಲೈಟ್ ಇರಲೇ ಇಲ್ಲ. ನಾನು ಓದಿದ್ದು ಇದೇ ಹಾಸ್ಟೆಲಿನಲ್ಲಿ. ನನ್ನ ಕ್ಲಾಸಿನ ಹೇಮಾ ನನಗಿಂತ ಹುಷಾರು ಇದ್ದಳು. ಅವಳಿಗೆ ಇಲ್ಲಿ ಜಾಗ ಸಿಗಲಿಲ್ಲ, ಏಳನೆಯದಕ್ಕೇ ಶಾಲೆ ಬಿಟ್ಟು ಸಿಗಡಿ ಸುಲಿಯಲು ಹೋದಳು. ಅವಳಿಗೆ ಮನಸ್ಸಿರಲಿಲ್ವಾ?" ಆಗ ಹಿಂದಿನ ಸಾಲಿನಿಂದ ಗಿರಿಜಕ್ಕನ ದನಿ: "ಹೌದು ಮಾರಾಯ್ರೆ, ಆ ಕಂಬ ಹಾಕಿದ್ದು ಇವಳು ಕೆಲಸಕ್ಕೆ ಸೇರಿದ ಮೇಲೆ!" ಸಭೆಯೆಲ್ಲ ನಕ್ಕಿತು. ನನಗೆ ಮಾತ್ರ ಅಳು ಬಂತು.

ನಿನ್ನ ದುಡಿಮೆಯನ್ನು ನಾನು ಸುಳ್ಳೆನ್ನಲಿಲ್ಲ ಅಮ್ಮ. ನಸುಕಿನಲ್ಲಿ ಬಂದರಿಗೆ ಓಡಿದ್ದು, ಬುಟ್ಟಿ ಹೊತ್ತು ನೆತ್ತಿಯ ಕೂದಲು ಉದುರಿದ್ದು, ಎಲ್ಲ ನಿಜ. ಆದರೆ ಹೇಮಾಳ ಅಮ್ಮನೂ ನಿನ್ನ ಜೊತೆಗೇ ಓಡುತ್ತಿದ್ದರಲ್ಲ? ಅವರ ಕಥೆಯನ್ನು ಯಾರು ಕೇಳಿದರು?

ಹಾಲ್ ಮಾಡುವ ಮಾತು ಸದ್ಯಕ್ಕೆ ನಿಂತಿದೆ. ನನ್ನನ್ನೂ ಕಮಿಟಿಗೆ ಹಾಕಿಕೊಂಡಿದ್ದಾರೆ, ಬಾಯಿ ಮುಚ್ಚಿಸಲು ಇರಬೇಕು. ನಿನ್ನೆ ಈ ವರ್ಷದ ಮೊದಲ ಹುಡುಗಿ ಬಂದಳು, ಸುರತ್ಕಲ್ ಕಡೆಯವಳು. ಓದಿನಲ್ಲಿ ಹೇಗೆ ಎಂದು ಯಾರೋ ಕೇಳಿದರು. ಕರೆತಂದ ಅಜ್ಜಿ ತಲೆ ತಗ್ಗಿಸಿ, "ಸಾಧಾರಣ" ಎಂದರು.

ಸಾಧಾರಣ ಸಾಕು ಎಂದೆ ಅಮ್ಮ. ಅವಳಿಗೆ ಕಿಟಕಿ ಪಕ್ಕದ ಮಂಚ ಕೊಟ್ಟೆವು.

ನಿನ್ನ ಮಗಳು